ಮರ ಮೊದಲೋ, ನಂಬಿಕೆ ಮೊದಲೋ

ಆ ಮನೆಯ ಕೆಳಗಿನ ಭಾಗದಲ್ಲಿ ಅಣ್ಣ ಇದ್ದ, ಮಹಡಿಯಲ್ಲಿ ತಮ್ಮ ಇದ್ದ, ನಡುವೆ ಮರದ ಮೆಟ್ಟಿಲುಗಳಿದ್ದವು. ಇಬ್ಬರೂ ಒಂದೇ ಕಾಲೇಜಿನಲ್ಲಿ ಭಾಷೆಗಳ ಚರಿತ್ರೆ ಪಾಠ ಮಾಡುತ್ತಿದ್ದರು. ಒಂದೇ ಗೇಟಿನಿಂದ ಹೊರಟು ಒಂದೇ ಬಸ್ಸು ಹತ್ತಿ, ಅಣ್ಣ ಮುಂದಿನ ಸೀಟಿನಲ್ಲಿ, ತಮ್ಮ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದರು. ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಆಸ್ತಿ ಜಗಳ ಇರಬೇಕು ಎಂದು ಬೀದಿಯವರು ಅಂದುಕೊಂಡಿದ್ದರು. ಆಸ್ತಿ ಜಗಳವಾಗಿದ್ದರೆ ವಕೀಲರ ಹೊಟ್ಟೆಯಾದರೂ ತುಂಬುತ್ತಿತ್ತು. ಇವರು ಜಗಳವಾಡಿದ್ದು ಯಾರೂ ಕಿವಿಯಾರೆ ಕೇಳದ ಒಂದು ಪದಕ್ಕಾಗಿ.

ಸಾವಿರಾರು ವರ್ಷಗಳ ಹಿಂದೆ, ಬರೆಯುವುದು ಎಂದರೇನು ಎಂದೇ ತಿಳಿಯದಿದ್ದ ಜನರು 'ದೋರು' ಎಂಬಂಥ ಒಂದು ಮಾತು ಆಡುತ್ತಿದ್ದರಂತೆ. ಮರ ಎಂಬರ್ಥದ ಸಂಸ್ಕೃತದ ದಾರು, ದ್ರುಮ ಅದರ ಮಕ್ಕಳು, ಇಂಗ್ಲಿಷಿನ ಟ್ರೀ ದೂರದ ಮೊಮ್ಮಗಳು. ಇಲ್ಲಿಯ ತನಕ ತಕರಾರಿಲ್ಲ. ಆದರೆ ನಿಜ ಎಂಬರ್ಥದ ಟ್ರೂ, ನಂಬಿಕೆ ಎಂಬರ್ಥದ ಟ್ರಸ್ಟ್ ಕೂಡ ಅದೇ ಬಳ್ಳಿಯ ಕಾಯಿಗಳು. ಹಾಗಾದರೆ ಯಾವುದು ಮೊದಲು? ಮರವೇ ಮೊದಲು, ಮರದ ಹಾಗೆ ಅಲುಗದೆ ನಿಂತವನನ್ನು ಜನ ಆಮೇಲೆ ನಂಬಿದರು ಎಂದು ಅಣ್ಣ. ಗಟ್ಟಿತನ, ನಂಬಿಕೆ ಇವೇ ಮೊದಲು, ಗಟ್ಟಿಯಾಗಿ ನಿಂತದ್ದಕ್ಕೆ ಆಮೇಲೆ ಮರ ಎಂದು ಹೆಸರಾಯಿತು ಎಂದು ತಮ್ಮ. ಅವರು ಮನೆಯಲ್ಲಿ ಆಡುತ್ತಿದ್ದ ಕನ್ನಡದ 'ಮರ'ಕ್ಕೂ ಈ ವಂಶಕ್ಕೂ ಎಳ್ಳಷ್ಟೂ ನೆಂಟಸ್ತನವಿಲ್ಲ. ಕಂಡವರ ಮನೆಯ ವಂಶಾವಳಿಗಾಗಿ ಒಡಹುಟ್ಟಿದವರು ಮುಖ ತಿರುಗಿಸಿಕೊಂಡು ಓಡಾಡುತ್ತಿದ್ದರು. ಕಾಲೇಜಿನ ಹುಡುಗರು ಅಣ್ಣನಿಗೆ ಮರದ ಮೇಷ್ಟ್ರು ಎಂದೂ ತಮ್ಮನಿಗೆ ನಂಬಿಕೆ ಮೇಷ್ಟ್ರು ಎಂದೂ ಹೆಸರಿಟ್ಟಿದ್ದರು. ನಂಬಿಕೆ ಮೇಷ್ಟ್ರು ಯಾರನ್ನೂ ನಂಬುತ್ತಿರಲಿಲ್ಲ. ಸ್ವಂತ ಮೇಜಿನ ಖಾನೆಗೂ ಬೀಗ ಹಾಕಿ, ಬೀಗ ಬಿದ್ದಿದೆಯೋ ಇಲ್ಲವೋ ಎಂದು ಮತ್ತೆ ಎಳೆದು ನೋಡುವ ಪೈಕಿ.

ಅದಕ್ಕೆ ಕಾರಣವಿತ್ತು. ಹರೆಯದಲ್ಲಿ ಇಬ್ಬರೂ ಸೇರಿ ಒಂದು ಲೇಖನ ಬರೆದಿದ್ದರು. ಎರಡು ವಾದಗಳನ್ನೂ ಅಕ್ಕಪಕ್ಕ ಇಟ್ಟು ಓದುಗರೇ ತೀರ್ಮಾನಿಸಲಿ ಎಂದು ಒಪ್ಪಂದವಾಗಿತ್ತು. ಅಣ್ಣನ ಅಕ್ಷರ ದುಂಡಗಿದ್ದುದರಿಂದ ಕೊನೆಯ ಪ್ರತಿಯನ್ನು ಅವನೇ ಬರೆದ. ಅಚ್ಚಾಗಿ ಬಂದಾಗ ತಮ್ಮನ ವಾದದ ಬಾಲಕ್ಕೆ ಒಂದು ಪುಟ್ಟ ವಾಕ್ಯ ಅಂಟಿಕೊಂಡಿತ್ತು: 'ಇದು ಊಹೆ ಮಾತ್ರ.' ತಮ್ಮ ಕೇಳಿದ್ದಕ್ಕೆ ಅಣ್ಣ, "ಅಚ್ಚಿನ ಮನೆಯವರು ಸೇರಿಸಿರಬೇಕು" ಅಂದಿದ್ದ. ಅಚ್ಚಿನ ಮೊಳೆ ಜೋಡಿಸುವವರಿಗೆ ಇದ್ದಕ್ಕಿದ್ದ ಹಾಗೆ ಭಾಷಾಶಾಸ್ತ್ರದಲ್ಲಿ ಸಂದೇಹ ಹುಟ್ಟಿತು ಎಂಬ ಮಾತನ್ನು ತಮ್ಮ ನುಂಗಿಕೊಂಡ, ಆದರೆ ಅದು ಜೀರ್ಣವಾಗಲಿಲ್ಲ.

ಈಗ ದೊಡ್ಡದೊಂದು ನಿಘಂಟು ತಯಾರಾಗುತ್ತಿತ್ತು. ಆ ಪದದ ಕೆಳಗೆ ಯಾರ ವಾದ ಸೇರಬೇಕು ಎಂದು ನಿಘಂಟಿನ ಸಂಪಾದಕರು ಸಭೆ ಕರೆದಿದ್ದರು. ತಮ್ಮ ಮಾತಾಡಬೇಕು, ಅಣ್ಣ ಉತ್ತರ ಕೊಡಬೇಕು. ಗೆದ್ದವನ ಮಾತು ನಿಘಂಟಿನಲ್ಲಿ ಕೂರುತ್ತದೆ, ಸೋತವನ ಜೀವಮಾನದ ಕೆಲಸ ರದ್ದಿಯಂಗಡಿಗೆ. ಸಭೆಯ ದಿನ ಬೆಳಿಗ್ಗೆ ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಡುತ್ತಿದ್ದಾಗ ಹೆಂಡತಿ ಅಡ್ಡ ಬಂದಳು.

"ಭಾವ ಹೇಳಿ ಕಳಿಸಿದಾರೆ. ತಿರುವಿನ ಮೆಟ್ಟಿಲನ್ನ ಗೆದ್ದಲು ಪೂರ್ತಿ ತಿಂದುಬಿಟ್ಟಿದೆಯಂತೆ. ಬಡಗಿ ನಿನ್ನೆ ತಟ್ಟಿ ನೋಡಿದ್ನಂತೆ. ಕಾಲಿಡಬೇಡ ಅಂದಿದಾರೆ."

"ಇಷ್ಟು ದಿನ ಇಲ್ಲದ ಗೆದ್ದಲು ಇವತ್ತೇ ಬಂತಾ? ನಾನು ಸಭೆಗೆ ಹೋಗದೆ ಇರ್ಲಿ ಅಂತ ಈ ನಾಟಕ."

"ಸ್ವಲ್ಪ ದಾಟ್ಕೊಂಡು ಹೋದ್ರೆ ನಿಮ್ಮ ಗಂಟೇನು ಹೋಗತ್ತೆ?"

ದಾಟಿದರೆ ಅಣ್ಣನ ಮಾತು ನಂಬಿದಂತಾಯಿತಲ್ಲ. ಓದಿದವರಿಗೆ ಮಾತ್ರ ಹೊಳೆಯುವಂಥ ದಡ್ಡತನವೊಂದಿದೆ. ತಮ್ಮ ತಿರುವಿಗೆ ಬಂದು, ಬೇಕೆಂದೇ ಆ ಮೆಟ್ಟಿಲಿನ ಮೇಲೆ ಕಾಲು ಎತ್ತಿ ಕುಕ್ಕಿದ. ಗೆದ್ದಲಿಗೆ ಯಾವ ಪಕ್ಷವೂ ಇರಲಿಲ್ಲ. ಮೆಟ್ಟಿಲು ಪುಡಿಯಾಗಿ, ಅದರ ಕೆಳಗಿನವೂ ಕಳಚಿ, ನಂಬಿಕೆ ಮೇಷ್ಟ್ರು ಧೂಳಿನ ಜೊತೆ ಕೆಳಗೆ ಬಂದರು. ಕೆಳಗೆ ಅಣ್ಣ ಅದೇ ಸಭೆಗೆ ಹೊರಡಲು ಚಪ್ಪಲಿ ಮೆಟ್ಟುತ್ತಿದ್ದ. ಚಪ್ಪಲಿ ಬಿಟ್ಟು ಓಡಿ ಬಂದು ಎರಡೂ ಕೈ ಚಾಚಿದ. ತಮ್ಮನ ಮೊಣಕೈ ತರಚಿತು, ಅಷ್ಟೆ. ಅಣ್ಣನ ಬಲಗೈ ಮಣಿಕಟ್ಟಿನ ಹತ್ತಿರ ಮುರಿಯಿತು.

ಸಭೆ ನಿಂತುಹೋಯಿತು. ಇಬ್ಬರೂ ತಮ್ಮ ತಮ್ಮ ವಾದವನ್ನು ಬರೆದು ಕಳಿಸಲಿ, ಓದಿ ತೀರ್ಮಾನಿಸುತ್ತೇವೆ ಎಂದು ಸಂಪಾದಕರು ಹೇಳಿಕಳಿಸಿದರು. ತಮ್ಮನದು ಬರೆದೇ ಇತ್ತು. ಅಣ್ಣನ ಕೈ ಹಿಟ್ಟು ಮೆತ್ತಿದ ಒನಕೆಯ ಹಾಗೆ ಪ್ಲಾಸ್ಟರಿನಲ್ಲಿತ್ತು. ಅತ್ತಿಗೆ ಬರೆದುಕೊಡಲು ಕೂತು, ಮೊದಲ ಗ್ರೀಕ್ ಪದಕ್ಕೇ ಪೆನ್ನು ಕೆಳಗಿಟ್ಟು ಎದ್ದಳು. ಅಣ್ಣ ಹೇಳುವುದನ್ನು ತಪ್ಪಿಲ್ಲದೆ ಬರೆಯಬಲ್ಲವನು ಊರಿನಲ್ಲಿ ಒಬ್ಬನೇ ಇದ್ದ, ಅವನು ಮಹಡಿಯ ಮೇಲಿದ್ದ.

"ಕೈ ಮುರಿದಿದ್ದು ನಿಮ್ಮಿಂದ. ಇಳಿದು ಹೋಗಿ ಬರ್ಕೊಡಿ" ಅಂದಳು ಹೆಂಡತಿ. ಅವಳು ಹಾಗೆ ಮೆಲ್ಲಗೆ ಹೇಳಿದರೆ ಮೇಲ್ಮನವಿ ಇರಲಿಲ್ಲ.

ಮೆಟ್ಟಿಲು ಹೋಗಿದ್ದರಿಂದ ಹೊರಗಿನ ಗೋಡೆಗೆ ಏಣಿ ಒರಗಿಸಿದ್ದರು. ತಮ್ಮ ದಿನಾ ಸಂಜೆ ಏಣಿ ಇಳಿದು ಅಣ್ಣನ ಎದುರು ಕೂತು ಬರೆದ. ಅಣ್ಣ ಗೋಡೆಯ ಗಡಿಯಾರವನ್ನು ನೋಡುತ್ತ ಹೇಳುತ್ತಿದ್ದ, ತಮ್ಮ ಹಾಳೆಯನ್ನು ನೋಡುತ್ತ ಬರೆಯುತ್ತಿದ್ದ. ನಿಲ್ಲಿಸಬೇಕಾದಾಗ ಅಣ್ಣ "ಹೂಂ" ಅನ್ನುತ್ತಿದ್ದ. ಅತ್ತಿಗೆ ಕಾಫಿ ತಂದಿಟ್ಟು, ಸೆರಗಿನ ಮರೆಯಲ್ಲಿ ನಗು ತಡೆದುಕೊಂಡು ಒಳಗೆ ಹೋಗುತ್ತಿದ್ದಳು.

ತಮ್ಮನಿಗೆ ಗಾಬರಿಯಾದದ್ದು ಬೇರೆ ವಿಷಯಕ್ಕೆ. ಅಣ್ಣನ ವಾದ ಚೆನ್ನಾಗಿತ್ತು. ಇಷ್ಟು ವರ್ಷ ಅದನ್ನು ಕಿವಿಗೇ ಹಾಕಿಕೊಳ್ಳದೆ ಹೀಗಳೆದಿದ್ದ, ಈಗ ಒಂದೊಂದೇ ವಾಕ್ಯ ತನ್ನ ಕೈಯಿಂದಲೇ ಇಳಿಯುವಾಗ ಅದರ ಬಿಗಿ ತಿಳಿಯಿತು. ಇದು ಹೀಗೇ ಹೋದರೆ ತನ್ನದು ಹೊಳೆಯಲ್ಲಿ ಹುಣಸೆ ಹಣ್ಣು ಕಿವುಚಿದಂತೆ. ಕೊನೆಯ ಸಂಜೆ ಅಣ್ಣ ಮುಖ್ಯ ಮಾತು ಹೇಳಿ ಮುಗಿಸಿ ನೀರು ಕುಡಿಯಲು ಎದ್ದ. ಅವನು ಬರುವಷ್ಟರಲ್ಲಿ ತಮ್ಮ ಆ ಮಾತಿನ ಬಾಲಕ್ಕೆ ಒಂದು ವಾಕ್ಯ ಸೇರಿಸಿದ: 'ಇದು ಊಹೆ ಮಾತ್ರ.' ಹಳೆಯ ಸೇಡು ತೀರಿದ ಖುಷಿಯೇ ಆಯಿತು.

ಹಾಳೆಗಳನ್ನು ಅಣ್ಣನ ಮುಂದೆ ಇಟ್ಟ. ಅಣ್ಣ ಎಡಗೈಯಲ್ಲಿ ಪೆನ್ನು ಹಿಡಿದು, ಎಳೆ ಮಕ್ಕಳ ಹಾಗೆ ಸೊಟ್ಟಗೆ ರುಜು ಎಳೆದ.

"ಓದಿ ನೋಡಲ್ವಾ?" ಅಂದ ತಮ್ಮ. ವರ್ಷಗಳ ಮೇಲೆ ಅಣ್ಣನ ಜೊತೆ ಆಡಿದ ಮೊದಲ ಮಾತು ಅದೇ.

"ಯಾಕೆ? ನೀನೇ ಬರೆದಿದ್ದಲ್ವಾ."

ಮಾರನೆಯ ದಿನ ತಮ್ಮ ಎರಡೂ ಲೇಖನಗಳನ್ನು ಚೀಲದಲ್ಲಿಟ್ಟುಕೊಂಡು ನಿಘಂಟಿನ ಕಚೇರಿಗೆ ಹೊರಟ. ಬಸ್ಸಿನಲ್ಲಿ ಅಭ್ಯಾಸಬಲದಿಂದ ಹಿಂದಿನ ಸೀಟಿನಲ್ಲಿ ಕೂತ. ಮುಂದಿನ ಸೀಟು ಖಾಲಿ ಇತ್ತು. ಅಲ್ಲಿ ದಿನಾ ಕಾಣುತ್ತಿದ್ದ ನರೆತ ತಲೆ ಇರಲಿಲ್ಲ. ಓದದೆ ಹಾಕಿದ ಆ ಸೊಟ್ಟ ರುಜು ತಮ್ಮನಿಗೆ ನೆನಪಾಯಿತು. ಅಣ್ಣ ತನ್ನನ್ನು ಹಿಡಿಯಲು ಕೈ ಚಾಚಿದಾಗ ಮರ ಮೊದಲೋ ನಂಬಿಕೆ ಮೊದಲೋ ಎಂದು ಕೇಳಿರಲಿಲ್ಲ. ನಾಚಿಕೆ ಎಂದರೆ ಏನು ಎಂದು ಅವನಿಗೆ ಆ ಬಸ್ಸಿನಲ್ಲಿ ಗೊತ್ತಾಯಿತು. ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ನಡೆದ. ಏಣಿ ಹತ್ತಿ, ತನ್ನ ಮೇಜಿನಲ್ಲಿ ಕೂತು, ಆ ಒಂದು ಹಾಳೆಯನ್ನು ಅಣ್ಣ ಹೇಳಿದ್ದ ಹಾಗೆಯೇ ಮತ್ತೆ ಬರೆದ. ಹಳೆಯದನ್ನು ಹರಿದು ಹಾಕಿದ. ಮತ್ತೆ ಏಣಿ ಇಳಿದ.

"ಇಲ್ಲಿ ಇನ್ನೊಂದ್ಸಲ ರುಜು ಹಾಕು" ಅಂದ.

"ಏನಾಯ್ತು?"

"ಶಾಯಿ ಚೆಲ್ತು."

ಅಣ್ಣ ಅವನ ಮುಖ ನೋಡಿದ. ಹೊಸ ಹಾಳೆಯನ್ನೂ ಓದಲಿಲ್ಲ. ಎಡಗೈಯಲ್ಲಿ ನಿಧಾನವಾಗಿ ರುಜು ಹಾಕಿ ಪೆನ್ನಿನ ಮುಚ್ಚಳ ಮುಚ್ಚಿದ.

"ನಮ್ಮ ಲೇಖನ ಬರೆದಾವತ್ತು ನನ್ನ ಹತ್ರಾನೂ ಶಾಯಿ ಇತ್ತು ಕಣೋ" ಅಂದ. "ಚೆಲ್ಲೋ ಬುದ್ಧಿ ಬರ್ಲಿಲ್ಲ."

ತಮ್ಮನ ಲೇಖನ ಮೇಲೆಯೇ ಉಳಿದಿತ್ತು, ಅವನು ಅದನ್ನು ತರಲು ಹೊರಗೆ ಬಂದು ಏಣಿಗೆ ಕಾಲಿಟ್ಟ. ಏಣಿ ಅಲುಗಿತು. ಹಿಂದೆಯೇ ಬಂದ ಅಣ್ಣ ಎಡಗೈಯಲ್ಲಿ ಅದನ್ನು ಒತ್ತಿ ಹಿಡಿದ.

"ಹಿಡ್ಕೊಂಡಿದೀನಿ, ಹತ್ತು."

ತಮ್ಮ ಕೆಳಗೆ ನೋಡದೆ ಹತ್ತಿದ.