ಎತ್ತಿಟ್ಟ ದನಿ

"ಅಮ್ಮಾ, ಹೊರಗೆ ಎಲ್ಲರೂ ಕಾಯ್ತಿದಾರೆ. ಈಗ ಅಡುಗೆಮನೇಲಿ ಏನು ಹುಡುಕ್ತಿದೀಯ?" ಎಂದು ಮಗಳು ಬಾಗಿಲಲ್ಲೇ ನಿಂತು ಕೇಳಿದಳು.

"ನಿಮ್ಮಪ್ಪನ ಬಾಯಿ ಮುಚ್ಚಿಸ್ತಿದ್ದ ಚಮಚ ಕಣೇ. ಇವತ್ತು ಅದು ನನ್ನ ಕೈಯಲ್ಲಿರ್ಬೇಕು," ಎಂದು ಆಕೆ ಇನ್ನೊಂದು ಡ್ರಾಯರ್ ಎಳೆದರು.

ಅಂಗಳದಲ್ಲಿ ಯಜಮಾನರು ಬಾವುಟ ಹೊದ್ದು ಮಲಗಿದ್ದರು. ಕಿಟಕಿಯಾಚೆ ವಿದೇಶಾಂಗ ಇಲಾಖೆಯ ಅಧಿಕಾರಿ, ಗೌರವ ವಂದನೆಗೆ ಬಂದಿದ್ದ ಕ್ಯಾಪ್ಟನ್‌ಗೆ ಬುದ್ಧಿ ಹೇಳುತ್ತಿದ್ದರು.

"ಅಂಗಳ ಚಿಕ್ಕದು. ಬೇರೆ ದೇಶದವರೆಲ್ಲ ಬಂದಿದಾರೆ. ಸೈನಿಕರಿಗೆ ಆಜ್ಞೆ ಕೊಡೋ ಕೂಗು ಸ್ವಲ್ಪ ಮೆಲ್ಲಗಿರ್ಲಿ. ಸಾಹೇಬರೂ ಮೆದುಮಾತಿನವರು."

"ಮೆದುಮಾತಾ? ಅವರು ಸೀನಿದ್ರೆ ಕವಾಯತು ನಿಲ್ತಿತ್ತು ಅಂತಾರೆ ಸಾರ್ ನಮ್ಮ ರೆಜಿಮೆಂಟಲ್ಲಿ."

ಇಬ್ಬರು ಹೇಳಿದ್ದೂ ನಿಜವೇ.

*

ಮೂವತ್ತಾರು ವರ್ಷ ಸೈನ್ಯದಲ್ಲಿದ್ದು ಜನರಲ್ ಆಗಿ ನಿವೃತ್ತರಾದವರನ್ನು ಸರ್ಕಾರ ರಾಯಭಾರಿ ಮಾಡಿ ಕಳಿಸಿತು. ಮೊದಲ ಔತಣದಲ್ಲೇ ಪಕ್ಕದಲ್ಲಿ ಕೂತ ಮಂತ್ರಿಯ ಹೆಂಡತಿಯನ್ನು "ಸೂಪ್ ಚೆನ್ನಾಗಿದೆಯಾ?" ಎಂದು ಕೇಳಿದರೆ, ಮೇಜಿನ ಆ ತುದಿಯವರೂ ಬೆಚ್ಚಿ "ಚೆನ್ನಾಗಿದೆ" ಎಂದುಬಿಟ್ಟರು. ಎದುರಿಗಿದ್ದ ರಾಯಭಾರಿಯ ಹೆಂಡತಿ ಚಮಚದಿಂದ ಕಪ್ಪಿನ ಅಂಚನ್ನು ಟಿಣ್ಣೆಂದು ತಟ್ಟಿದರು. ಅಂದಿನಿಂದ ಅದೇ ಕಾನೂನಾಯಿತು. ಒಂದು ಸಲ ತಟ್ಟಿದರೆ ದನಿ ತಗ್ಗಿಸಬೇಕು, ಎರಡು ಸಲ ತಟ್ಟಿದರೆ ಕತೆ ಮುಗಿಸಬೇಕು.

ಎಂಟು ವರ್ಷದಲ್ಲಿ ದನಿ ಎಷ್ಟು ತಗ್ಗಿತೆಂದರೆ, ಸಂಧಾನದ ಮೇಜಿನಲ್ಲಿ ಜಗಳವಾಡುತ್ತಿದ್ದವರು ಅವರ ಮಾತು ಕೇಳಿಸಿಕೊಳ್ಳಲೆಂದೇ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಿದ್ದರು. ಹೆಸರು ಬಂತು. ಮನೆಗೆ ಮರಳಿದ ಮೇಲೂ ದನಿ ಮೇಲೇಳಲಿಲ್ಲ. ಒಂದು ಬೆಳಿಗ್ಗೆ ಆಕೆ ಕಾಫಿ ಕೊಡುತ್ತ ಕೇಳಿದರು.

"ನಿಮ್ಮ ದನೀನ ನಾನೇ ಕಿತ್ಕೊಂಡ್ಬಿಟ್ನೇನ್ರೀ?"

"ಎಲ್ಲಿ ಹೋಗತ್ತೆ? ಎತ್ತಿಟ್ಟಿದೀನಿ," ಎಂದು ಅವರು ಪೇಪರಿನ ಹಿಂದಿನಿಂದ ನಕ್ಕರು. "ಒಂದಿನ ತೆಗೀತೀನಿ. ಆಗ ನೀನು ಚಮಚ ತಟ್ಟಬಾರದು, ಅಷ್ಟೆ."

"ಆಯ್ತು, ತಟ್ಟಲ್ಲ," ಎಂದು ಆಕೆ ಮಾತು ಕೊಟ್ಟಿದ್ದರು. ಅವರು ತೆಗೆಯಲೇ ಇಲ್ಲ.

*

ಚಮಚ ಕೆಳಗಿನ ಡ್ರಾಯರಿನಲ್ಲಿ ಸಿಕ್ಕಿತು. ಆಕೆ ಅಂಗಳಕ್ಕೆ ಬಂದು ಕುಳಿತರು. ಪಕ್ಕದ ಸ್ಟೂಲಿನ ಮೇಲೆ ಯಾರೋ ಕಾಫಿ ತಂದಿಟ್ಟರು.

ಕ್ಯಾಪ್ಟನ್ ಬಾಗಿ, "ಶುರು ಮಾಡ್ಲಾ ಅಮ್ಮ? ಮೆಲ್ಲಗೇ ಹೇಳ್ತೀನಿ," ಎಂದ.

"ನಿಮ್ಮ ರೆಜಿಮೆಂಟಲ್ಲಿ ಮೆಲ್ಲಗೆ ಹೇಳ್ತಾರಾ?"

"ಇಲ್ಲಮ್ಮ."

"ಮತ್ತೆ? ಅವರು ಹೇಗೆ ಕೂಗ್ತಿದ್ರೋ ಹಾಗೇ ಕೂಗಪ್ಪ. ಒಂದಿನ ಆ ದನಿ ತೆಗೀತೀನಿ ಅಂದಿದ್ರು. ಇವತ್ತು ಅವರ ಪರವಾಗಿ ನೀನು ತೆಗಿ."

ಇಲಾಖೆಯ ಅಧಿಕಾರಿ ಆಕೆಯ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

ಕ್ಯಾಪ್ಟನ್ ಎದೆ ತುಂಬ ಉಸಿರೆಳೆದುಕೊಂಡು ಕೂಗಿದ. ಕಿಟಕಿಯ ಗಾಜು ಅದುರಿತು. ನಾಲ್ಕು ಮನೆಯಾಚೆ ನಾಯಿ ಬೊಗಳಿತು. ಅಭ್ಯಾಸಬಲದಿಂದ ಆಕೆಯ ಕೈ ಚಮಚದೊಂದಿಗೆ ಕಪ್ಪಿನತ್ತ ಹೋಗಿ, ಅರ್ಧದಲ್ಲೇ ನಿಂತಿತು. ಚಮಚವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಮುಚ್ಚಿ ಮಡಿಲಲ್ಲಿಟ್ಟುಕೊಂಡು, ಆ ಕೂಗು ಬೀದಿಯ ಕೊನೆ ಮುಟ್ಟುವವರೆಗೂ ಆಕೆ ಕೇಳುತ್ತ ಕುಳಿತರು.