ಹಿತ್ತಾಳೆಯ ಕತ್ತು

ಬಿಗಿ ಜಾಸ್ತಿಯಾಯಿತು, ಅಂದುಕೊಂಡ ಶ್ಯಾಮಸುಂದರ್. ಗುಂಡು ಬಂದೂಕಿನ ತೋಟಾದ ಹಿತ್ತಾಳೆಯ ಕತ್ತಿನೊಳಗೆ ಇಳಿಯುವಾಗ ಅದನ್ನು ಒತ್ತುವ ಪ್ರೆಸ್ಸಿನ ಹಿಡಿ ಅಂಗೈಯನ್ನು ತುಸು ತಡೆದಿತ್ತು. ತಡೆಯಬಾರದಿತ್ತು. ಆ ತೋಟಾವನ್ನು ತೆಗೆದು ಬೇರೆ ಇಟ್ಟ.

ಒಮ್ಮೆ ಹಾರಿಸಿದ ಮೇಲೆ ಖಾಲಿ ತೋಟಾದ ಕತ್ತು ಹಿಗ್ಗಿರುತ್ತದೆ. ಅದನ್ನು ತಕ್ಕ ಅಳತೆಯ ಉಕ್ಕಿನ ಬಳೆಯೊಳಗೆ, ಅಂದರೆ ಬುಶ್ಶಿನೊಳಗೆ, ತೂರಿಸಿ ಕಿರಿದು ಮಾಡಬೇಕು, ಮದ್ದು ತುಂಬಬೇಕು, ಹೊಸ ಗುಂಡು ಕೂರಿಸಬೇಕು. ಕತ್ತು ಸಡಿಲವಾದರೆ ಗುಂಡು ಅಲುಗಾಡುತ್ತದೆ. ತೀರ ಬಿಗಿಯಾದರೆ ಒಂದು ಗುಂಡು ಹೋದಂತೆ ಇನ್ನೊಂದು ಹೋಗುವುದಿಲ್ಲ. ಎಷ್ಟು ಬಿಗಿ ಸಾಕು ಎಂದು ತೀರ್ಮಾನಿಸಬೇಕಾದವನು ಇವನು. ಲೋಹಶಾಸ್ತ್ರದಲ್ಲಿ ಎಂ.ಟೆಕ್. ಮಾಡಿ, ವಾಲ್ವ್ ಕಂಪನಿಯ ಎಂಜಿನಿಯರಾಗಿ ಕುವೈತಿಗೆ ಬಂದವನು. ಮಾಲೀಕ ಅಬು ತಲಾಲ್‌ಗೆ ಗುರಿಸ್ಪರ್ಧೆಯ ಹುಚ್ಚು. ಇವನಿಗೆ ಹಿತ್ತಾಳೆಯ ಗುಣ ಗೊತ್ತೆಂದು ತಿಳಿದದ್ದೇ ತಡ, ಶನಿವಾರಗಳಲ್ಲಿ ಅರ್ದಿಯಾದ ಗೋದಾಮಿನ ಹಿಂದಿನ ಈ ಕೋಣೆಗೆ ಕರೆಸತೊಡಗಿದ್ದ. ಶ್ಯಾಮಸುಂದರ್ ಬಂದೂಕು ಹಾರಿಸಿದವನೇ ಅಲ್ಲ.

ಫೋನ್ ಬಂತು. ಹೆಂಡತಿ ನಾಗಮಣಿ.

"ಎಲ್ಲಿದ್ದೀರಿ?"

"ಕೆಲಸದಲ್ಲಿ."

"ಜಾಬ್ರಿಯಾ ಆಸ್ಪತ್ರೆಗೆ ನೀವೇ ಕರ್ಕೊಂಡು ಹೋಗ್ತೀನಿ ಅಂದಿದ್ರಿ. ಬಯಾಪ್ಸಿ ರಿಪೋರ್ಟ್ ಬಂದಿದೆಯಂತೆ. ಇಬ್ರೂ ಬನ್ನಿ ಅಂದ್ರು ಡಾಕ್ಟ್ರು."

"ಇಬ್ರೂ ಯಾಕಂತೆ?"

ಯಾಕೆಂದು ಅವನಿಗೂ ಗೊತ್ತಿತ್ತು.

"ಬಾಸ್ ಬಿಡ್ತಿಲ್ಲ ಕಣೆ."

"ಸರಿ. ಟ್ಯಾಕ್ಸಿ ಮಾಡ್ಕೋತೀನಿ."

ಬಾಸ್ ಇನ್ನೂ ಬಂದೇ ಇರಲಿಲ್ಲ. ಬಂದಾಗ ಕೈಯಲ್ಲಿ ಚಹಾದ ಫ್ಲಾಸ್ಕ್ ಇತ್ತು. ತಾನೇ ಬಗ್ಗಿಸಿ ಕೊಟ್ಟ. ಹರಕು ಹಿಂದಿಯಲ್ಲಿ ಕೇಳಿದ:

"ಯಾವ ಬುಶ್, ಮುಹಂದಿಸ್?" ಅವನಿಗೆ ಇವನು ಯಾವತ್ತೂ ಮುಹಂದಿಸ್, ಅಂದರೆ ಎಂಜಿನಿಯರ್; ಹೆಸರಿರಲಿಲ್ಲ.

"ಇನ್ನೂ ನೋಡ್ತಿದ್ದೇನೆ."

ಅಬು ತಲಾಲ್ ಅವನ ಮುಖವನ್ನೇ ನೋಡಿದ. "ಮನೆಯಲ್ಲಿ ಏನಾದರೂ ಇದೆಯಾ? ಇದ್ದರೆ ಹೋಗು. ಗುಂಡು ಓಡಿಹೋಗಲ್ಲ."

"ಏನೂ ಇಲ್ಲ."

ಎಷ್ಟು ಸಲೀಸಾಗಿ ಬಂತು ಮಾತು! ಅವನಿಗೇ ಅಚ್ಚರಿಯಾಯಿತು. ಎದ್ದು ಹೋಗಬಹುದಿತ್ತು. ಕಾರಿನ ಕೀಲಿ ಮೇಜಿನ ಮೇಲೇ ಇತ್ತು. ಅವನು ಇನ್ನೊಂದು ಖಾಲಿ ತೋಟಾವನ್ನು ಕೈಗೆತ್ತಿಕೊಂಡ.

ಹೋದ ತಿಂಗಳು ಒಂದು ಬೆಳಿಗ್ಗೆ ನಾಗಮಣಿ ಅವನ ಕೈ ಹಿಡಿದು ತನ್ನ ಎದೆಯ ಮೇಲೆ ಇಟ್ಟುಕೊಂಡಿದ್ದಳು. "ಇಲ್ಲಿ ನೋಡಿ, ಏನೋ ಇದೆ." ಗಡಸುತನವನ್ನು ಅಳೆಯುವುದೇ ಅವನ ವೃತ್ತಿ. ಬೆರಳಿಗೆ ತಕ್ಷಣ ಗೊತ್ತಾಗಿತ್ತು. ಕೈ ಹಿಂದೆ ತೆಗೆದುಕೊಂಡು, "ಕೆಳಗಿನ ಮನೆಯ ಡೆಲ್ಮಾಗೆ ತೋರಿಸು, ನರ್ಸಲ್ವಾ" ಅಂದಿದ್ದ. ಆಮೇಲೆ ಅವಳನ್ನು ಮುಟ್ಟಿರಲಿಲ್ಲ. ಅವಳಿಗೆ ನೋವಾದೀತು ಎಂದು ತನಗೆ ತಾನೇ ಹೇಳಿಕೊಂಡಿದ್ದ.

ಮಧ್ಯಾಹ್ನದ ಹೊತ್ತಿಗೆ ತುಸು ಸಡಿಲದ ಬುಶ್ಶನ್ನೇ ಆರಿಸಿದ. ಗುಂಡು ತಡೆಯಿಲ್ಲದೆ, ಒಂದೇ ಸಮನೆ ಇಳಿಯಿತು. ಹಿಡಿದೂ ಹಿಡಿಯದಂತೆ ಇತ್ತು ಕತ್ತು. ಅಬು ತಲಾಲ್ ತಲೆದೂಗಿ, "ಯಲ್ಲಾ, ನಡಿ" ಅಂದ.

ಮರುಭೂಮಿಯ ಗುರಿಮೈದಾನಕ್ಕೆ ಹೋಗುವ ದಾರಿಯಲ್ಲಿ ಮತ್ತೆ ಫೋನ್.

"ತೆಗೀಬೇಕಂತೆ," ಅಂದಳು ನಾಗಮಣಿ. "ಪೂರ್ತಿ."

"ಯಾವಾಗ?"

"ಬೇಗ."

"ಹೂಂ."

"ಏನಾದ್ರೂ ಮಾತಾಡ್ರೀ."

ಪಕ್ಕದಲ್ಲಿ ಅಬು ತಲಾಲ್ ಏನೋ ಗುನುಗುತ್ತ ಗಾಡಿ ಓಡಿಸುತ್ತಿದ್ದ. ಶ್ಯಾಮಸುಂದರ್ ಕಿಟಕಿಯತ್ತ ಹೊರಳಿದ. "ಊಟ ಆಯ್ತಾ?" ಅಂದ.

ಅವಳು ಫೋನ್ ಇಟ್ಟಳು.

ಮೈದಾನದಲ್ಲಿ ಅವರಿಬ್ಬರ ಹೊರತು ಯಾರೂ ಇರಲಿಲ್ಲ. ಅಬು ತಲಾಲ್ ಚಾಪೆಯ ಮೇಲೆ ಬೋರಲು ಮಲಗಿ ಒಂದಾದಮೇಲೊಂದು ಗುಂಡು ಹಾರಿಸಿದ. ಆಮೇಲೆ ದುರ್ಬೀನಿಗೆ ಕಣ್ಣಿಟ್ಟು ಕಿರುಚಿದ: "ಒಂದೇ ತೂತು! ಎಲ್ಲಾ ಒಂದೇ ತೂತು!" ಎದ್ದು ಬಂದು ಶ್ಯಾಮಸುಂದರ್‌ನನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ಶ್ಯಾಮಸುಂದರ್‌ನ ಕೈಗಳು ಎಲ್ಲಿ ಹೋಗಬೇಕೆಂದು ತಿಳಿಯದೆ ಜೋತುಬಿದ್ದಿದ್ದವು.

"ಆ ಗುರಿಹಲಗೆಯ ಕಾಗದ ತಗೊಂಡು ಬಾ. ಫ್ರೇಮ್ ಹಾಕಿಸ್ತೀನಿ."

ಅಬು ತಲಾಲ್ ಕೊಟ್ಟ ವಾಕಿಟಾಕಿ ಹಿಡಿದು ಶ್ಯಾಮಸುಂದರ್ ನಡೆದ. ನಡೆದಷ್ಟೂ ಗುರಿಹಲಗೆ ಬಿಸಿಲಲ್ಲಿ ನೀರಿನಂತೆ ಅಲುಗುತ್ತಿತ್ತು. ಮುಟ್ಟಿದಾಗ ಮಾತ್ರ ಗಟ್ಟಿಯಾಯಿತು. ತಿರುಗಿ ನೋಡಿದರೆ ಬಿಸಿಲಿನ ಅಲೆಯಲ್ಲಿ ಗಾಡಿಯಿಲ್ಲ, ಚಾಪೆಯಿಲ್ಲ, ಮನುಷ್ಯನಿಲ್ಲ. ಬರೀ ಉರಿಯುವ ಬಯಲು.

ವಾಕಿಟಾಕಿ ಕರಕರ ಎಂದಿತು. ಅಬು ತಲಾಲ್ ನಗುತ್ತಿದ್ದ. "ನಿಲ್ಲು ಮುಹಂದಿಸ್, ಅಲುಗಬೇಡ. ಎಷ್ಟು ಚೆನ್ನಾಗಿ ಕಾಣ್ತಿದ್ದೀಯ! ನಿನ್ನ ಅಂಗಿಯ ಗುಂಡಿ ಕೂಡ ಕಾಣ್ತಿದೆ. ಮೇಲಿನದು ಬಿಚ್ಚಿಕೊಂಡಿದೆ."

ನೋಡುತ್ತಿರುವುದು ದುರ್ಬೀನಿನಿಂದಲೋ ಬಂದೂಕಿನ ಗುರಿಗಾಜಿನಿಂದಲೋ ಎಂದು ಅವನು ಕೇಳಲಿಲ್ಲ. ಮೇಲಿನ ಗುಂಡಿ ಹಾಕಿಕೊಂಡ. ಹಲಗೆಯ ಪಕ್ಕದಲ್ಲಿ ನೆಟ್ಟಗೆ ನಿಂತು, ಮುಂದಿನ ಮಾತಿಗಾಗಿ ಕಾದ.