ಸೆಮಿಸಿ ಮನೆತನದ ಬ್ಯಾಂಕಿಗೆ ಮೂರು ಬೀಗ

ಬಿರುಗಾಳಿ ಬಂದು ಹೋಗಿ ವರ್ಷವಾಗುತ್ತಾ ಬಂದರೂ ಸೇನಿ ಅಜ್ಜಿ ಇನ್ನೂ ತಾಡಪಾಲಿನ ಕೆಳಗೇ ಇದ್ದಳು. ಅವಳೇನು ಉಳಿತಾಯ ಮಾಡದವಳಲ್ಲ. ಆಯಸ್ಸಿಡೀ ಮರದ ತೊಗಟೆ ಜಜ್ಜಿ, ಬಟ್ಟೆ ಮಾಡಿ ಮಾರಿ, ಮಿಕ್ಕಿದ್ದನ್ನೆಲ್ಲ ಮೊಸೆಸೆಯ ಮನೆಯ ಬ್ಯಾಂಕಿಗೆ ಹಾಕಿದ್ದಳು. ಈಗ ಸೂರಿಗೆ ತಗಡು ಕೊಳ್ಳೋಣವೆಂದರೆ ಬ್ಯಾಂಕಿನಲ್ಲಿ ಅಷ್ಟು ದುಡ್ಡಿರಲಿಲ್ಲ.

ಟೊಂಗಾದ ಆ ಪುಟ್ಟ ದ್ವೀಪದಲ್ಲಿ ಬ್ಯಾಂಕೆಂದರೆ ಒಂದು ಕಬ್ಬಿಣದ ಪೆಟ್ಟಿಗೆ. ಕೊಬ್ಬರಿ ಒಯ್ಯುವ ಹಡಗು ಬರುತ್ತಿದ್ದ ಕಾಲದಲ್ಲಿ ಮೊಸೆಸೆಯ ಅಜ್ಜ ಸೆಮಿಸಿ ಅದನ್ನು ಶುರು ಮಾಡಿದ. ಬೀಗದಕೈ ಅವನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಬಂತು. ಮೂರು ತಲೆಮಾರಿನಲ್ಲಿ ಒಬ್ಬರೂ ಕದಿಯಲಿಲ್ಲ. ಆದರೆ ಸೋದರತ್ತೆಯರು ಆ ದುಡ್ಡು ಕೇಳಿದರು. ತಂದೆಯ ಒಡಹುಟ್ಟಿದವಳು ಕೇಳಿದ್ದಕ್ಕೆ ಇಲ್ಲ ಎನ್ನುವ ಪದ್ಧತಿ ಅಲ್ಲಿಲ್ಲ. ಅವಳು ನೊಂದುಕೊಂಡರೆ ಮನೆಯ ಮಕ್ಕಳು ಕಾಯಿಲೆ ಬೀಳುತ್ತಾರೆಂಬ ಭಯ ಬೇರೆ. ಒಂದು ಸಾವಿಗೆ ಒಯ್ಯಲು ಹಂದಿ, ಒಂದು ಮದುವೆಗೆ ಉಡುಗೊರೆಯ ಚಾಪೆ. ಕೊಟ್ಟದ್ದು ತಿರುಗಿ ಬರಲಿಲ್ಲ.

ಪಕ್ಕದ ದ್ವೀಪದಲ್ಲಿ ಉಳಿತಾಯ ಸಂಘ ನಡೆಸುವ ತೌಫಾ ದೋಣಿಯಲ್ಲಿ ಬಂದಿದ್ದಳು.

"ಮೊಸೆಸೆ, ಪೆಟ್ಟಿಗೆಗೆ ಮೂರು ಬೀಗ ಹಾಕು. ಬೀಗದಕೈ ಮೂರು ಮನೇಲಿರ್ಲಿ. ದುಡ್ಡು ಹಾಕಿದೋರೆಲ್ಲರ ಎದುರಿಗೇ ತೆಗೀರಿ."

"ನಮ್ಮಜ್ಜ ಕಟ್ಟಿದ ಬ್ಯಾಂಕಿಗೆ ಊರೋರ ಬೀಗವಾ? ನಾವೇನು ಕಳ್ಳರಾ?"

"ಕಳ್ಳ ಆಗಿದ್ರೆ ಹಿಡೀಬಹುದಿತ್ತು ಕಣೋ. ನೀನು ಒಳ್ಳೆ ಸೋದರಳಿಯ. ಅದೇ ಕಷ್ಟ."

ಮೊಸೆಸೆಯ ಹೆಂಡತಿ ವಿಕಾ ಕೆಸುವಿನ ಎಲೆಗೆ ತೆಂಗಿನಹಾಲು ಸುರಿಯುತ್ತಾ ನಕ್ಕಳು. "ಯಾರ ಕೈಗೆ ಕೊಡೋದು ಅಕ್ಕಾ? ಸೋದರತ್ತೆ ಇಲ್ದಿರೋ ಗಂಡಸು ಈ ಊರಲ್ಲಿ ಯಾವನಿದಾನೆ? ಬೀಗದಕೈನ ಹಂದಿ ಕೊರಳಿಗೆ ಕಟ್ಬೇಕು ಅಷ್ಟೆ."

"ಇರ್ಲಿ ಬಿಡಮ್ಮ. ಮೂರು ಮನೆಗೂ ಒಬ್ಬಳೇ ಅತ್ತೆ ಇರಲ್ವಲ್ಲ! ಒಬ್ಬ ಬಗ್ಗಿದ್ರೂ ಇನ್ನಿಬ್ರು ನಿಲ್ತಾರೆ."

"ನೋಡೋಣ" ಎಂದ ಮೊಸೆಸೆ. ನೋಡಲಿಲ್ಲ.

ಮಳೆ ಹಿಡಿಯಿತು. ಸೇನಿ ಅಜ್ಜಿಗೆ ಕೆಮ್ಮು ಹತ್ತಿತು, ಎದೆ ಕಟ್ಟಿತು. ತಾಡಪಾಲಿನ ಕೆಳಗೇ ಜೀವ ಹೋಯಿತು.

ಅಲ್ಲಿನ ರೂಢಿಯಂತೆ ಸೂತಕದ ಹರಕು ಚಾಪೆ ಸೊಂಟಕ್ಕೆ ಸುತ್ತಿಕೊಂಡು ಹೊರಟಿದ್ದ ಮೊಸೆಸೆಯನ್ನು ಸೋದರತ್ತೆ ಲಾವಿನಿಯಾ ಬಾಗಿಲಲ್ಲೇ ತಡೆದಳು.

"ಸತ್ತೋಳು ನನ್ನ ಗಂಡನ ಕಡೆಯೋಳು ಕಣೋ. ಬರಿಗೈಲಿ ಹೋದ್ರೆ ನನ್ನ ಮುಖ ಎಲ್ಲಿಡ್ಲಿ? ದೊಡ್ಡ ಹಂದಿನೇ ಆಗ್ಬೇಕು. ಪೆಟ್ಟಿಗೇಲಿ ಉಳಿದಿರೋದನ್ನ ತೆಗಿ."

"ಅತ್ತೇ, ಬದುಕಿದ್ದಾಗ ಅವಳ ಸೂರಿಗೆ ತಗಡು ಕೊಡೋಕಾಗ್ಲಿಲ್ಲ. ಅವಳದೇ ದುಡ್ಡಲ್ಲಿ ಈಗ ಅವಳ ಸಾವಿಗೆ ಹಂದಿ ತರ್ಲಾ?"

"ನಂಗೆ ಇಲ್ಲ ಅಂತೀಯಾ? ನಿಮ್ಮಪ್ಪ ಒಂದಿನಾನೂ ಅಂದಿರ್ಲಿಲ್ಲ!"

"ನಂಗೂ ಅನ್ನೋಕೆ ಬರಲ್ಲ ಅತ್ತೆ. ಅದಕ್ಕೇ ಪೆಟ್ಟಿಗೆ ಊರಿಗೆ ಒಪ್ಪಿಸ್ತೀನಿ. ಇವತ್ತೇ."

ವಿಕಾ ಒಳಗೆ ಮಲಗಿದ್ದ ಕೂಸಿನ ಹಣೆ ಮುಟ್ಟಿ ನೋಡಿದಳು. ಆಮೇಲೆ, "ಇನ್ನೆರಡು ಬೀಗ ನಾನೇ ತರ್ತೀನಿ" ಎಂದು ಅಂಗಡಿಗೆ ಹೊರಟಳು.

ಪೆಟ್ಟಿಗೆ ಚರ್ಚಿನ ಚಾವಡಿಗೆ ಹೋಯಿತು. ಒಂದು ಬೀಗದಕೈ ಮೀನುಗಾರರ ಮನೆಗೆ, ಒಂದು ಮೇಷ್ಟರ ಮನೆಗೆ. ಮೂರನೆಯದು ಮೊಸೆಸೆಯ ಬಳಿ ಉಳಿಯಿತು. ಈಗ ಅಲ್ಲಿ ಮೆಲ್ಲಗೆ ದುಡ್ಡು ಕೂಡುತ್ತಿದೆ, ಒಂದೊಂದೇ ಮನೆಗೆ ತಗಡು ಏರುತ್ತಿದೆ. ಲಾವಿನಿಯಾ ಅತ್ತೆ ಮಾತ್ರ ಆ ಮನೆಯ ಮೆಟ್ಟಿಲು ಮತ್ತೆ ಹತ್ತಿಲ್ಲ. ಕೂಸು ಒಮ್ಮೆ ಕೆಮ್ಮಿದರೂ ವಿಕಾ ಓಡಿ ಬಂದು ಹಣೆ ಮುಟ್ಟಿ ನೋಡುತ್ತಾಳೆ. ಆದರೂ ಬೀಗ ತೆಗೆಸೋಣವೆಂದು ಅವಳು ಅಂದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘದ ಬೀಗದಕೈ ಒಂದೇ ಮನೆಯಲ್ಲಿದೆಯೇ? ಆ ಮನೆಯವರು ಎಷ್ಟೇ ಒಳ್ಳೆಯವರಿರಲಿ, ಮುಂದಿನ ಸಭೆಯಲ್ಲಿ ಎದ್ದು ನಿಂತು ಕೇಳಿ. ಬೀಗ ಮೂರಿರಲಿ, ಬೀಗದಕೈ ಬೇರೆ ಬೇರೆ ಮನೆಯಲ್ಲಿರಲಿ, ಪೆಟ್ಟಿಗೆ ಎಲ್ಲರೆದುರು ತೆರೆಯಲಿ. ಕೇಳಲು ಸಂಕೋಚವಾಗುತ್ತದೆ, ನಿಜ. ಆದರೂ ಕೇಳಿ. ಮಳೆ ಹಿಡಿಯುವ ಮುಂಚೆ ಕೇಳಿ.